ನ್ಯಾಯಾಸ್ಥಾನದ ಬರವಣಿಗೆಯೂ ಕಕ್ಷಿಗಾರನ ನುಡಿಯೂ

ಸಿವಿಲ್ ನ್ಯಾಯಾಸ್ಥಾನದ ವ್ಯಾಜ್ಯವೆಂದರೆ ಕಪ್ಪು ನಿಲುವಂಗಿ ತೊಟ್ಟ ಇಬ್ಬರು ವಕೀಲರು ನ್ಯಾಯಾಧೀಶರ ಮುಂದೆ ನಿಂತು ನಡೆಸುವ ವಾಗ್ವಾದವೆಂದು ನಮ್ಮ ಜನರಲ್ಲಿ ಅನೇಕರು ಭಾವಿಸಿರುವರು. ವಾಸ್ತವವಾಗಿ ಆ ವಾಗ್ವಾದವು ಬರುವ ವೇಳೆಗೆ ವ್ಯಾಜ್ಯದ ಅರ್ಧ ಹಣೆಬರಹವು ಬರೆದು ಮುಗಿದಿರುತ್ತದೆ. ವಾದಿಯು ಮೊದಲು ಸಲ್ಲಿಸುವ ವಾದಪತ್ರ, ಅದಕ್ಕೆ ಉತ್ತರವಾಗಿ ಪ್ರತಿವಾದಿಯು ಸಲ್ಲಿಸುವ ಪ್ರತಿವಾದಪತ್ರ, ಈ ಎರಡು ಬರವಣಿಗೆಗಳ ಮೇಲೆಯೇ ಮುಂದಿನ ಸಾಕ್ಷ್ಯ, ವಾದ, ತೀರ್ಪು, ಅಪೀಲು ಎಲ್ಲವೂ ನಿಲ್ಲತಕ್ಕವು. ಮೈಸೂರು ಸೀಮೆಯವರು ದಾವಾ ಅರ್ಜಿಯೆಂದೂ ತಕರಾರೆಂದೂ, ಬೆಳಗಾವಿ ಧಾರವಾಡಗಳ ಕಡೆಯವರು ಫಿರ್ಯಾದಿಯೆಂದೂ ಕೈಫಿಯತ್ತೆಂದೂ ಕರೆಯುತ್ತ ಬಂದಿರುವುದು ಈ ಕಾಗದಗಳನ್ನೇ. ತಳಹದಿ ಓರೆಯಾದರೆ ಗೋಡೆ ನೆಟ್ಟಗೆ ನಿಲ್ಲದೆಂಬುದು ಗಾರೆ ಕೆಲಸದವನಿಗೂ ತಿಳಿದ ಮಾತು.

ಹೀಗಿರಲು, ನಮ್ಮ ನಾಡಿನ ಸಾವಿರಾರು ಕಕ್ಷಿಗಾರರು ತಾವು ಓದಲಾರದ, ಓದಿಸಿಕೊಂಡು ಕೇಳಿದರೂ ತಿಳಿಯಲಾರದ ಭಾಷೆಯಲ್ಲಿ ಬರೆದ ಇಂಥ ಕಾಗದದ ಕೆಳಗೆ ರುಜು ಹಾಕುತ್ತಿರುವುದು ನಮ್ಮ ನ್ಯಾಯಪದ್ಧತಿಗೆ ಅಂಟಿದ ದೊಡ್ಡ ಕುಂದೆಂದು ನಾವು ಹೇಳಬೇಕಾಗಿದೆ. ಸ್ವಾತಂತ್ರ್ಯವು ಬಂದು ಎಪ್ಪತ್ತೈದು ವರ್ಷಗಳಿಗೂ ಮೇಲಾಯಿತು. ಕನ್ನಡ ನಾಡು ೧೯೫೬ರಲ್ಲಿ ಒಂದಾಯಿತು. ೧೯೭೩ರಲ್ಲಿ ಕರ್ನಾಟಕವೆಂಬ ಹೆಸರನ್ನೂ ಪಡೆಯಿತು. ಆದರೂ ತನ್ನ ಹೊಲದ ಬದುವಿನ ವಿಷಯವಾಗಿ ತಾನೇ ಏನು ಹೇಳಿದೆನೆಂದು ತಿಳಿಯಲು ಕನ್ನಡಿಗನು ಇನ್ನೊಬ್ಬರ ಬಾಯಿಯನ್ನು ನೋಡಬೇಕಾಗಿದೆ. ಇದು ಭಾಷಾಭಿಮಾನದ ಪ್ರಶ್ನೆಯೆಂದು ತಳ್ಳಿಹಾಕುವವರಿದ್ದಾರೆ. ಅಭಿಮಾನದ ಮಾತು ಅತ್ತ ಇರಲಿ. ಇದು ಮೊಟ್ಟಮೊದಲಾಗಿ ನ್ಯಾಯದ ಪ್ರಶ್ನೆಯೆಂಬುದನ್ನು ಆ ಬರವಣಿಗೆಗಳ ಕಟ್ಟಳೆಗಳಿಂದಲೇ ತೋರಿಸಬಹುದು.

ಬ್ರಿಟಿಷರ ಆಳಿಕೆಯಲ್ಲಿ ಮೊದಲ ಸಿವಿಲ್ ಪ್ರಕ್ರಿಯಾ ಸಂಹಿತೆಯು ೧೮೫೯ರಲ್ಲಿ ಬಂದಿತು. ಈಗ ನಡೆಯುತ್ತಿರುವುದು ೧೯೦೮ರ ಸಂಹಿತೆ. ೧೯೭೬, ೧೯೯೯ ಮತ್ತು ೨೦೦೨ರಲ್ಲಿ ಅದಕ್ಕೆ ದೊಡ್ಡ ತಿದ್ದುಪಡಿಗಳಾಗಿವೆ. ಅದರ ಆರನೆಯ ಆದೇಶವು ಉಭಯ ಪಕ್ಷಗಳ ಬರವಣಿಗೆಗಳಿಗೂ ಸಾಮಾನ್ಯವಾದ ನಿಯಮಗಳನ್ನು ಹೇಳುತ್ತದೆ; ಏಳನೆಯದು ವಾದಪತ್ರವನ್ನೂ ಎಂಟನೆಯದು ಪ್ರತಿವಾದಪತ್ರವನ್ನೂ ಕುರಿತದ್ದು. ಆರನೆಯ ಆದೇಶದ ಎರಡನೆಯ ನಿಯಮವೇ ಎಲ್ಲಕ್ಕೂ ಹೃದಯವಾಗಿದೆ. ಪಕ್ಷಗಾರನು ತನ್ನ ಹಕ್ಕಿಗೆ ಅಥವಾ ತನ್ನ ರಕ್ಷಣೆಗೆ ಆಧಾರವಾದ ಮುಖ್ಯ ಸಂಗತಿಗಳನ್ನು ಸಂಕ್ಷೇಪವಾಗಿ ಹೇಳತಕ್ಕದ್ದು; ಆ ಸಂಗತಿಗಳನ್ನು ರುಜುವಾತು ಮಾಡುವ ಸಾಕ್ಷ್ಯವನ್ನು ಅಲ್ಲಿ ಹೇಳಕೂಡದು; ಹೇಳಿಕೆಯನ್ನು ಸಂಖ್ಯೆ ಹಾಕಿದ ಪ್ಯಾರಾಗಳಾಗಿ ವಿಂಗಡಿಸಬೇಕು; ತೇದಿ, ಮೊಬಲಗು, ಸಂಖ್ಯೆಗಳನ್ನು ಅಂಕೆಯಲ್ಲಿಯೂ ಅಕ್ಷರದಲ್ಲಿಯೂ ಬರೆಯಬೇಕು. ಮೋಸ, ನಂಬಿಕೆದ್ರೋಹ, ಅನುಚಿತ ಪ್ರಭಾವ ಮುಂತಾದ ಆರೋಪಗಳನ್ನು ಮಾಡುವವನು ಅವನ್ನು ಬರಿಯ ಮಾತಾಗಿ ಹೇಳಿದರೆ ಸಾಲದು. ಯಾವ ದಿನ, ಏನು ನಡೆಯಿತೆಂಬ ವಿವರಗಳನ್ನು ಕೊಡಬೇಕು.

ವಾದಪತ್ರದಲ್ಲಿ ಇನ್ನೂ ಕೆಲವು ವಿಷಯಗಳು ಇರಲೇಬೇಕು. ಯಾವ ನ್ಯಾಯಾಸ್ಥಾನ, ಪಕ್ಷಗಾರರ ಹೆಸರು ವಿಳಾಸಗಳೇನು, ವ್ಯಾಜ್ಯಕ್ಕೆ ಕಾರಣವಾದ ಸಂಗತಿಗಳು ಯಾವುವು, ಅವು ಎಂದು ಒದಗಿದುವು, ಈ ನ್ಯಾಯಾಸ್ಥಾನಕ್ಕೆ ಅಧಿಕಾರವು ಹೇಗೆ ಬಂದಿತು, ದಾವೆಯ ಬೆಲೆಯೆಷ್ಟು, ಕೇಳುವ ಪರಿಹಾರವೇನು ಎಂಬುವು ಅವುಗಳಲ್ಲಿ ಮುಖ್ಯವಾದುವು. ಸ್ಥಿರಾಸ್ತಿಯ ದಾವೆಯಾದರೆ ಆ ಸ್ವತ್ತನ್ನು ಗುರುತಿಸಲು ಸಾಕಾಗುವಷ್ಟು ವರ್ಣನೆಯನ್ನು ಕೊಡಬೇಕು. ಚಕ್ಕುಬಂದಿಯಾಗಲಿ ಸರ್ವೇ ನಂಬರಾಗಲಿ ಇದ್ದರೆ ಅದನ್ನು ನಮೂದಿಸಬೇಕು. ವ್ಯಾಜ್ಯಕಾರಣವನ್ನೇ ಹೇಳದ ವಾದಪತ್ರವನ್ನೂ, ಕಾಲಾವಧಿಯೇ ಮೊದಲಾದ ಕಾನೂನಿನ ತಡೆಯು ಮೇಲ್ನೋಟಕ್ಕೇ ಕಾಣುವ ವಾದಪತ್ರವನ್ನೂ ನ್ಯಾಯಾಸ್ಥಾನವು ಸಾಕ್ಷ್ಯ ಕೇಳದೆಯೇ ತಳ್ಳಿಹಾಕತಕ್ಕದ್ದು.

ಇನ್ನು ಪ್ರತಿವಾದಿಯ ಪಾಡನ್ನು ನೋಡೋಣ. ಸಮನ್ಸಿನೊಡನೆ ವಾದಪತ್ರದ ನಕಲೂ ಅವನ ಕೈಸೇರುತ್ತದೆ. ಅಂದಿನಿಂದ ೩೦ ದಿನಗಳೊಳಗೆ ಅವನು ಉತ್ತರವನ್ನು ಸಲ್ಲಿಸಬೇಕು. ನ್ಯಾಯಾಧೀಶರು ಕಾರಣವನ್ನು ಬರೆದಿಟ್ಟು ೯೦ ದಿನಗಳವರೆಗೆ ಅವಕಾಶ ಕೊಡಬಹುದು. ಸಾಮಾನ್ಯ ದಾವೆಗಳಲ್ಲಿ ಈ ಗಡುವು ಅಲಂಘ್ಯವಲ್ಲವೆಂದು ಸರ್ವೋಚ್ಚ ನ್ಯಾಯಾಲಯವು ೨೦೦೫ರಲ್ಲಿ ಹೇಳಿದೆಯಾದರೂ, ಅಪರೂಪದ ಸಂದರ್ಭಗಳಲ್ಲಿ ಮಾತ್ರ ಅದನ್ನು ಸಡಿಲಿಸಬೇಕೆಂದೂ ಎಚ್ಚರಿಸಿದೆ. ೨೦೧೫ರ ಕಾಯಿದೆಗೆ ಒಳಪಟ್ಟ ವಾಣಿಜ್ಯ ವ್ಯಾಜ್ಯಗಳಲ್ಲಿಯಾದರೋ ೧೨೦ ದಿನಗಳು ಕಳೆದರೆ ಉತ್ತರ ಕೊಡುವ ಹಕ್ಕೇ ಹೋಗುತ್ತದೆ. ಉತ್ತರವೂ ಹೇಗೆಂದರೆ ಹಾಗೆ ಇರಕೂಡದು. ವಾದಿಯು ಹೇಳಿದ ಪ್ರತಿಯೊಂದು ಸಂಗತಿಯನ್ನೂ ಬೇರೆಬೇರೆಯಾಗಿ ಒಪ್ಪಬೇಕು ಇಲ್ಲವೆ ಅಲ್ಲಗಳೆಯಬೇಕು. ಸ್ಪಷ್ಟವಾಗಿ ಅಲ್ಲಗಳೆಯದ ಸಂಗತಿಯನ್ನು ಒಪ್ಪಿದಂತೆಯೇ ಎಣಿಸಲಾಗುವುದು. ಮೌನವು ಇಲ್ಲಿ ಸಮ್ಮತಿಯೇ ಸರಿ. ಜಾರಿಕೆಯ ಮಾತೂ ಸಮ್ಮತಿಯೇ ಸರಿ.

ಜಾರಿಕೆಯ ಮಾತೆಂದರೇನೆಂಬುದಕ್ಕೆ ಸಂಹಿತೆಯೇ ಒಂದು ಉದಾಹರಣೆಯನ್ನು ಕೊಟ್ಟಿದೆ. ಇಂತಿಷ್ಟು ಹಣವನ್ನು ಪಡೆದೆಯೆಂದು ವಾದಿಯು ಹೇಳಿದರೆ, ‘ಅಷ್ಟು ಹಣವನ್ನು ಪಡೆಯಲಿಲ್ಲ’ವೆಂದರೆ ಸಾಲದು, ಅದನ್ನಾಗಲಿ ಅದರ ಯಾವೊಂದು ಭಾಗವನ್ನಾಗಲಿ ಪಡೆಯಲಿಲ್ಲವೆನ್ನಬೇಕು, ಇಲ್ಲವೆ ಎಷ್ಟು ಪಡೆದೆನೆಂದು ಹೇಳಬೇಕು. ಈ ನಿಯಮವು ಒಬ್ಬ ಸಾಮಾನ್ಯ ರೈತನ ಬದುಕಿನಲ್ಲಿ ಏನು ಮಾಡಬಲ್ಲುದೆಂಬುದನ್ನು ವಾಚಕರು ಆಲೋಚಿಸಿ ನೋಡಬೇಕು. ಒಬ್ಬಾತನ ಮೇಲೆ ೨ ಲಕ್ಷ ರೂಪಾಯಿ ಸಾಲದ ದಾವೆಯಾಯಿತೆಂದು ಇಟ್ಟುಕೊಳ್ಳೋಣ. ಅವನು ನಿಜವಾಗಿ ಪಡೆದುದು ಒಂದೂವರೆ ಲಕ್ಷ. ಅದರಲ್ಲಿ ಐವತ್ತು ಸಾವಿರವನ್ನು ಸುಗ್ಗಿಯ ಕಾಲದಲ್ಲಿ ಇಬ್ಬರು ನೆರೆಯವರೆದುರಿಗೆ ತೀರಿಸಿದ್ದಾನೆ. ಇದನ್ನು ಅವನು ತನ್ನ ನುಡಿಯಲ್ಲಿ ಎರಡೇ ವಾಕ್ಯಗಳಲ್ಲಿ ಹೇಳಬಲ್ಲನು. ಕಚೇರಿಯಲ್ಲಿ ಕೆಲಸದೊತ್ತಡದ ನಡುವೆ ಯಾರೋ ಅದನ್ನು ಕೇಳಿ, ಇಂಗ್ಲಿಷಿನ ಹಳೆಯ ನಮೂನೆಯೊಂದನ್ನು ತೆಗೆದು, ‘ಪ್ರತಿವಾದಿಯು ೨ ಲಕ್ಷ ರೂಪಾಯಿ ಪಡೆದನೆಂಬುದು ಸುಳ್ಳು, ಉಳಿದ ಆಪಾದನೆಗಳೆಲ್ಲವೂ ಸುಳ್ಳು’ ಎಂಬರ್ಥದ ಮಾತುಗಳನ್ನು ತುಂಬಿ ಮುಂದಿಟ್ಟರೆ, ಅವನು ತೋರಿಸಿದೆಡೆಯಲ್ಲಿ ರುಜು ಹಾಕುತ್ತಾನೆ. ಪಡೆದುದೆಷ್ಟು, ತೀರಿಸಿದುದೆಷ್ಟು ಎಂಬ ಅವನ ನಿಜವಾದ ರಕ್ಷಣೆಯು ಕಾಗದದ ಮೇಲೆ ಬರಲೇ ಇಲ್ಲ. ಅದು ಬಂದಿಲ್ಲವೆಂದು ಅವನಿಗೆ ತಿಳಿಯುವ ಬಗೆಯಾದರೂ ಯಾವುದು?

ತಿಳಿದಾಗ ಕಾಲವು ಮೀರಿರುತ್ತದೆ. ಬರವಣಿಗೆಯಲ್ಲಿ ಎತ್ತದ ವಿಷಯದ ಮೇಲೆ ಎಷ್ಟು ಸಾಕ್ಷ್ಯವನ್ನು ತಂದರೂ ಅದನ್ನು ನೋಡುವಂತಿಲ್ಲವೆಂದು ಪ್ರಿವಿ ಕೌನ್ಸಿಲು ೧೯೩೦ರಲ್ಲಿ ವರದಿಯಾದ ಸಿದ್ದಿಕ್ ಮಹಮ್ಮದ್ ಷಹಾ ಮೊಕದ್ದಮೆಯಲ್ಲಿ ಹೇಳಿತು. ಪಕ್ಷಗಾರರ ಬರವಣಿಗೆಗೆ ಹೊರತಾದ ಆಧಾರಗಳ ಮೇಲೆ ತೀರ್ಪು ನಿಲ್ಲಲಾರದೆಂಬ ತತ್ತ್ವವನ್ನು ನಮ್ಮ ಸರ್ವೋಚ್ಚ ನ್ಯಾಯಾಲಯವು ೧೯೫೩ರ ಟ್ರೋಜನ್ ಕಂಪೆನಿ ಮತ್ತು ನಾಗಪ್ಪ ಚೆಟ್ಟಿಯಾರರ ಮೊಕದ್ದಮೆಯಲ್ಲಿ ಸ್ಥಿರಪಡಿಸಿತು. ತಿದ್ದುಪಡಿಗೆ ಅವಕಾಶವುಂಟು, ನಿಜ. ಆದರೆ ೨೦೦೨ರಿಂದೀಚೆಗೆ ವಿಚಾರಣೆಯು ಮೊದಲಾದ ಮೇಲೆ ತಿದ್ದುಪಡಿ ಬೇಕೆನ್ನುವವನು, ತಕ್ಕ ಎಚ್ಚರವಹಿಸಿದ್ದರೂ ಮುಂಚೆಯೇ ಆ ವಿಷಯವನ್ನು ಎತ್ತಲಾಗುತ್ತಿರಲಿಲ್ಲವೆಂದು ನ್ಯಾಯಾಸ್ಥಾನವನ್ನು ಒಪ್ಪಿಸಬೇಕು. ತನ್ನ ಸಾಲದ ಮರುಪಾವತಿಯು ತನಗೇ ತಿಳಿಯದೆ ಇತ್ತೆಂದು ರೈತನು ಹೇಗೆ ಒಪ್ಪಿಸಿಯಾನು?

ಈ ಕಟ್ಟಳೆಗಳು ಕ್ರೂರವೆಂದು ನಮ್ಮ ಅಭಿಪ್ರಾಯವಲ್ಲ. ಅವುಗಳ ಉದ್ದೇಶವು ನ್ಯಾಯವಾದುದೇ ಆಗಿದೆ. ಎದುರು ಪಕ್ಷವು ಏನನ್ನು ಹೇಳುತ್ತದೆಂಬುದು ಮೊದಲೇ ತಿಳಿದಿದ್ದರೆ ಮಾತ್ರ ಅದಕ್ಕೆ ಉತ್ತರ ಕೊಡಬಹುದು, ಸಾಕ್ಷಿಗಳನ್ನು ಹೊಂದಿಸಬಹುದು. ಕೊನೆಯ ಗಳಿಗೆಯಲ್ಲಿ ಹೊಸ ಕಥೆಯನ್ನು ಕಟ್ಟಿ ಎದುರಾಳಿಯನ್ನು ಬೆರಗುಗೊಳಿಸುವುದು ನಿಲ್ಲಬೇಕು. ಇಬ್ಬರೂ ಒಪ್ಪಿದ ವಿಷಯಗಳನ್ನು ಬಿಟ್ಟು ವಿವಾದಾಂಶಗಳ ಮೇಲೆ ಮಾತ್ರ ವಿಚಾರಣೆ ನಡೆಯಬೇಕು. ಬರವಣಿಗೆಯನ್ನು ಅತಿ ಸೂಕ್ಷ್ಮವಾಗಿ ಹಿಂಜದೆ ಅದರ ಸಾರವನ್ನು ನೋಡಬೇಕೆಂದು ಸರ್ವೋಚ್ಚ ನ್ಯಾಯಾಲಯವು ೧೯೮೭ರ ರಾಮ್ ಸ್ವರೂಪ್ ಗುಪ್ತ ಮೊಕದ್ದಮೆಯಲ್ಲಿ ಹೇಳಿ, ಕಟ್ಟಳೆಯ ಬಿಗಿತವನ್ನು ಕೊಂಚ ಸಡಿಲಿಸಿಯೂ ಇದೆ. ಆದುದರಿಂದ ನಿಯಮದ ಮೇಲೆ ನಮ್ಮ ಆಕ್ಷೇಪಣೆಯಿಲ್ಲ. ಮಾತಿಗೆ ಇಷ್ಟು ಬೆಲೆ ಕಟ್ಟುವ ನಿಯಮವು ಆ ಮಾತು ಕಕ್ಷಿಗಾರನದೇ ಆಗಿರಬೇಕೆಂದು ಬಯಸುವುದು ಸಹಜ. ಕಕ್ಷಿಗಾರನದಾಗಬೇಕಾದ ಮಾತನ್ನು ಅವನಿಂದ ಕಸಿದುಕೊಂಡಿರುವ ರೂಢಿಯ ಮೇಲೆಯೇ ನಮ್ಮ ಆಕ್ಷೇಪಣೆ.

ಸಂಹಿತೆಯು ಹಾಗೆ ಬಯಸುತ್ತದೆಂಬುದಕ್ಕೆ ಸತ್ಯಾಪನೆಯ ವಿಧಿಯೇ ಸಾಕ್ಷಿ. ವಕೀಲರ ರುಜುವೊಂದೇ ಸಾಲದು. ಪಕ್ಷಗಾರನೂ ರುಜು ಹಾಕಬೇಕು. ಅಷ್ಟೇ ಅಲ್ಲದೆ, ಯಾವ ಯಾವ ಸಂಖ್ಯೆಯ ಪ್ಯಾರಾಗಳಲ್ಲಿರುವುದು ತನ್ನ ಸ್ವಂತ ತಿಳಿವಳಿಕೆಯಿಂದ ನಿಜ, ಯಾವ ಪ್ಯಾರಾಗಳಲ್ಲಿರುವುದು ಇತರರಿಂದ ಕೇಳಿ ನಿಜವೆಂದು ನಂಬಿದುದು ಎಂದು ವಿಂಗಡಿಸಿ ಹೇಳಿ, ಸ್ಥಳವನ್ನೂ ತೇದಿಯನ್ನೂ ಬರೆದು ಅವನು ಸತ್ಯಾಪಿಸಬೇಕು. ೨೦೦೨ರಿಂದ ಇದಕ್ಕೆ ಪ್ರಮಾಣಪತ್ರವನ್ನೂ ಸೇರಿಸಲಾಗಿದೆ. ಸುಳ್ಳೆಂದು ತಿಳಿದೂ ಸತ್ಯಾಪಿಸಿದವನು ಸುಳ್ಳು ಸಾಕ್ಷ್ಯದ ಅಪರಾಧಕ್ಕೆ ಗುರಿಯಾಗಬಹುದು. ಓದಲಾರದ ಕಾಗದದ ಮೂರನೆಯ ಪ್ಯಾರಾ ನನ್ನ ಸ್ವಂತ ತಿಳಿವಳಿಕೆಯಿಂದ ನಿಜವೆಂದು ಪ್ರಮಾಣ ಮಾಡುವವನು ಯಾವುದನ್ನು ಪ್ರಮಾಣ ಮಾಡಿದಂತಾಯಿತು? ಇದಕ್ಕಿಂತ ದೊಡ್ಡ ಅಣಕವನ್ನು ಕಾಣುವುದು ಕಷ್ಟ. ಸತ್ಯಕ್ಕಾಗಿ ನಿರ್ಮಿಸಿದ ವಿಧಿಯು ಇಲ್ಲಿ ಬರಿಯ ಶಾಸ್ತ್ರವಾಗಿ ಹೋಗಿದೆ.

ಕಾನೂನು ಇಂಗ್ಲಿಷಿನಲ್ಲಿದೆ, ಆದುದರಿಂದ ಬರವಣಿಗೆಯೂ ಇಂಗ್ಲಿಷಿನಲ್ಲಿರಬೇಕೆಂದು ವಾದಿಸುವವರುಂಟು. ಇವರು ಮೇಲೆ ಹೇಳಿದ ಎರಡನೆಯ ನಿಯಮವನ್ನು ಮರೆತಿರುವರು. ಬರವಣಿಗೆಯಲ್ಲಿ ಇರಬೇಕಾದುದು ಸಂಗತಿಗಳೇ ಹೊರತು ಕಾನೂನಿನ ವ್ಯಾಖ್ಯಾನವಲ್ಲ. ಸಂಗತಿಗಳು ನಡೆದುದು ಯಾವ ಭಾಷೆಯಲ್ಲಿ? ಅಣ್ಣತಮ್ಮಂದಿರು ಪಾಲಾದುದು ಕನ್ನಡದಲ್ಲಿ. ಹೊಲದ ಮಾತುಕತೆ ನಡೆದುದು ಕನ್ನಡದಲ್ಲಿ. ಪಹಣಿ, ಖಾತೆ, ಕ್ರಯಪತ್ರ, ವಿಭಾಗಪತ್ರಗಳಲ್ಲಿ ಬಹುಪಾಲು ಕನ್ನಡದಲ್ಲಿ. ಸಾಕ್ಷಿಗಳು ಕಟಕಟೆಯಲ್ಲಿ ನುಡಿಯುವುದೂ ಕನ್ನಡದಲ್ಲಿಯೇ. ಆದಿಯಲ್ಲಿಯೂ ಅಂತ್ಯದಲ್ಲಿಯೂ ಕನ್ನಡವಾಗಿರುವ ವಿಷಯವು ನಡುವೆ ಮಾತ್ರ ಇಂಗ್ಲಿಷಿನ ವೇಷವನ್ನು ತೊಡಬೇಕಾಗಿರುವುದೇಕೆ? ಸಾಕ್ಷಿಯ ಮುಖ್ಯ ವಿಚಾರಣೆಗೆ ಬದಲಾಗಿ ಪ್ರಮಾಣಪತ್ರವನ್ನು ಕೊಡುವ ಪದ್ಧತಿಯು ೨೦೦೨ರಿಂದ ಬಂದ ಮೇಲೆ ತೊಡಕು ಇಮ್ಮಡಿಯಾಗಿದೆ. ಇಂಗ್ಲಿಷಿನ ಪ್ರಮಾಣಪತ್ರಕ್ಕೆ ರುಜು ಹಾಕಿದ ಸಾಕ್ಷಿಯನ್ನು ಎದುರು ವಕೀಲರು ಕನ್ನಡದಲ್ಲಿ ಪಾಟಿಸವಾಲು ಮಾಡಿ, ‘ನೀನು ಹೀಗೆ ಬರೆದಿರುವೆಯಲ್ಲಾ?’ ಎಂದು ಕೇಳುವಾಗ, ಆ ಸಾಕ್ಷಿಯು ತಬ್ಬಿಬ್ಬಾದರೆ ಅವನು ಸುಳ್ಳುಗಾರನೆಂದು ತಿಳಿಯಬೇಕೋ, ಪದ್ಧತಿಯೇ ಸುಳ್ಳೆಂದು ತಿಳಿಯಬೇಕೋ?

ಕಾನೂನು ಕನ್ನಡಕ್ಕೆ ಬಾಗಿಲನ್ನು ಮುಚ್ಚಿಲ್ಲ. ಸಂಹಿತೆಯ ೧೩೭ನೆಯ ಪ್ರಕರಣದ ಪ್ರಕಾರ ಅಧೀನ ನ್ಯಾಯಾಲಯಗಳ ಭಾಷೆಯನ್ನು ಗೊತ್ತುಮಾಡುವ ಅಧಿಕಾರವು ರಾಜ್ಯ ಸರಕಾರದ್ದು. ಆದರೆ ಅದೇ ಪ್ರಕರಣದ ಮೂರನೆಯ ಉಪಪ್ರಕರಣವು ಸಾಕ್ಷ್ಯ ಬರೆದುಕೊಳ್ಳುವುದನ್ನು ಬಿಟ್ಟು ಉಳಿದ ಬರವಣಿಗೆಯು ಇಂಗ್ಲಿಷಿನಲ್ಲಿರಬಹುದೆಂದು ಅನುಮತಿಸುತ್ತದೆ. ಪಕ್ಷಗಾರನಿಗಾಗಲಿ ಅವನ ವಕೀಲರಿಗಾಗಲಿ ಇಂಗ್ಲಿಷು ಬಾರದಿದ್ದರೆ, ಅವರು ಕೇಳಿದಲ್ಲಿ, ನ್ಯಾಯಾಲಯದ ಭಾಷೆಯಲ್ಲಿ ಭಾಷಾಂತರವನ್ನು ಒದಗಿಸತಕ್ಕದ್ದೆಂದೂ ಹೇಳುತ್ತದೆ. ನೋಡಿದಿರಾ, ೧೯೦೮ರ ಪರಕೀಯ ಸರಕಾರವು ಸಹ ಇಂಗ್ಲಿಷು ಬಾರದವನ ಹಕ್ಕನ್ನು ಪೂರ್ಣವಾಗಿ ಮರೆತಿರಲಿಲ್ಲ! ಆದರೆ ‘ಕೇಳಿದಲ್ಲಿ’ ಎಂಬ ಒಂದು ಮಾತಿನಲ್ಲಿ ಆ ಹಕ್ಕು ಸಿಕ್ಕಿಬಿದ್ದಿದೆ. ಕೇಳಬಹುದೆಂದು ತಿಳಿದವನೇ ವಿರಳ; ತಿಳಿದವನೂ ತನ್ನ ವಕೀಲರ ಮುಂದೆ ಕೇಳಲು ಸಂಕೋಚಪಡುವನು. ತಮಗೆ ಬೇಕಾದ ಭಾಷೆಯಲ್ಲಿ ಬರೆಯುವ ಸೌಕರ್ಯವು ಬಲ್ಲವರಿಗೆ, ಭಾಷಾಂತರವನ್ನು ಬೇಡುವ ಭಾರವು ಅರಿಯದವರಿಗೆ ಎಂಬ ಈ ಹಂಚಿಕೆಯು ತಲೆಕೆಳಗಾದುದು.

ನಮ್ಮ ನಾಡಿನ ಹಿರಿಯ ನ್ಯಾಯಶಾಸ್ತ್ರಜ್ಞನೊಬ್ಬನು ಈ ವಿಷಯದಲ್ಲಿ ಏನು ಹೇಳಿದ್ದಾನೆಂಬುದನ್ನು ನೆನೆಯುವುದು ಉಚಿತ. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನು ೧೦೭೬ರಿಂದ ೧೧೨೬ರವರೆಗೆ ಆಳಿದನು. ಅವನ ಆಶ್ರಯದಲ್ಲಿ ವಿಜ್ಞಾನೇಶ್ವರನು ಯಾಜ್ಞವಲ್ಕ್ಯ ಸ್ಮೃತಿಗೆ ಮಿತಾಕ್ಷರಾ ಎಂಬ ವ್ಯಾಖ್ಯಾನವನ್ನು ರಚಿಸಿದನು. ಆ ವ್ಯಾಖ್ಯಾನವು ಭರತಖಂಡದ ಬಹುಭಾಗದಲ್ಲಿ ಹಿಂದೂ ದಾಯಭಾಗಕ್ಕೆ ಪ್ರಮಾಣವಾಯಿತೆಂಬುದು ಎಲ್ಲರಿಗೂ ತಿಳಿದದ್ದು. ಅದರ ವ್ಯವಹಾರ ಪ್ರಕರಣವು ವಾದ ಪ್ರತಿವಾದಗಳ ಬರವಣಿಗೆಯನ್ನು ಸೂಕ್ಷ್ಮವಾಗಿ ವಿಚಾರಿಸಿದೆಯೆಂಬುದು ಅಷ್ಟಾಗಿ ತಿಳಿಯದು. ವ್ಯವಹಾರಕ್ಕೆ ನಾಲ್ಕು ಪಾದಗಳು. ಅವುಗಳಲ್ಲಿ ಮೊದಲನೆಯದಾದ ವಾದಿಯ ಹೇಳಿಕೆಗೆ ಇಟ್ಟ ಹೆಸರೇ ‘ಭಾಷಾ’. ಅದನ್ನು ವಾದಿಯು ಹೇಳಿದಂತೆಯೇ, ಪ್ರತಿವಾದಿಯ ಎದುರಿನಲ್ಲಿ, ವರ್ಷ ಮಾಸ ಪಕ್ಷ ದಿನಗಳನ್ನು ಗುರುತಿಸಿ ಬರೆಯತಕ್ಕದ್ದು. ಎರಡನೆಯದು ‘ಉತ್ತರ’, ಅದನ್ನು ವಿಷಯವನ್ನು ಕೇಳಿ ತಿಳಿದ ಪ್ರತಿವಾದಿಯಿಂದ ವಾದಿಯ ಸನ್ನಿಧಿಯಲ್ಲಿ ಬರೆಯಿಸಬೇಕು. ಒಪ್ಪಿಗೆ, ನಿರಾಕರಣೆ, ಸಂಗತಿಯನ್ನು ಒಪ್ಪಿಯೂ ಬೇರೆ ಕಾರಣವನ್ನು ಹೇಳುವುದು, ಈ ವಿಷಯವು ಹಿಂದೆಯೇ ತೀರ್ಮಾನವಾಗಿದೆಯೆಂಬುದು, ಹೀಗೆ ಉತ್ತರವು ನಾಲ್ಕು ಬಗೆ. ಉತ್ತರವು ಬರುವವರೆಗೆ ವಾದಿಯು ತನ್ನ ಹೇಳಿಕೆಯನ್ನು ತಿದ್ದಿಕೊಳ್ಳಬಹುದು. ಇಂದಿನ ಸಂಹಿತೆಯ ತತ್ತ್ವಗಳಲ್ಲಿ ಹೆಚ್ಚಿನವು ಇಲ್ಲಿ ಬೀಜರೂಪದಲ್ಲಿಲ್ಲವೆಂದು ಯಾರು ಹೇಳಬಲ್ಲರು?

ನಮಗೆ ಈಗ ಮುಖ್ಯವಾದುದು ಬೇರೊಂದು ಮಾತು. ಒಳ್ಳೆಯ ಉತ್ತರವು ವ್ಯಾಖ್ಯಾನದ ನೆರವಿಲ್ಲದೆ ತಿಳಿಯುವಂತಿರಬೇಕೆಂಬುದು ಹಳೆಯ ವಿಧಿ. ಅದನ್ನು ವಿವರಿಸುತ್ತ ವಿಜ್ಞಾನೇಶ್ವರನು, ಬಳಕೆಯಲ್ಲಿಲ್ಲದ ಪದಗಳಿಂದಾಗಲಿ, ತೊಡಕಾದ ವಿಭಕ್ತಿ ಸಮಾಸಗಳಿಂದಾಗಲಿ, ಬೇರೆ ದೇಶದ ಭಾಷೆಯಿಂದಾಗಲಿ ಅರ್ಥವನ್ನು ಬಿಡಿಸಿ ಹೇಳಬೇಕಾಗುವಂಥ ಉತ್ತರವು ಸರಿಯಾದ ಉತ್ತರವಲ್ಲವೆಂಬ ಅಭಿಪ್ರಾಯವನ್ನು ಕೊಟ್ಟಿದ್ದಾನೆ. ಸುಮಾರು ಒಂಬೈನೂರು ವರ್ಷಗಳ ಹಿಂದೆ ಕನ್ನಡ ನೆಲದಲ್ಲಿ ಕುಳಿತು, ಸ್ವತಃ ಸಂಸ್ಕೃತದಲ್ಲಿ ಬರೆಯುತ್ತಿದ್ದ ಪಂಡಿತನು ಕಕ್ಷಿಗಾರನ ಬರವಣಿಗೆಗೆ ಇಟ್ಟ ಅಳತೆಯಿದು. ಆ ಕಾಲದ ಧರ್ಮಶಾಸ್ತ್ರದಲ್ಲಿ ವರ್ಣಭೇದವನ್ನೆಣಿಸುವ ನಿಯಮಗಳೂ ಇದ್ದುವು. ಅವನ್ನು ಯಾರೂ ಮರಳಿ ಬಯಸಲಾರರು, ಬಯಸಲೂಕೂಡದು. ಆದರೆ ಈ ಅಳತೆಯನ್ನು ಕೈಬಿಟ್ಟುದರಿಂದ ನಾವು ಮುಂದುವರಿದಂತಾಗಲಿಲ್ಲ.

ಇಂಗ್ಲಿಷರಾದರೋ ತಮ್ಮ ಮನೆಯಲ್ಲಿ ಏನು ಮಾಡಿದರು? ನಾರ್ಮನ್ನರ ಆಳಿಕೆಯ ತರುವಾಯ ಅವರ ನ್ಯಾಯಾಸ್ಥಾನಗಳಲ್ಲಿ ಫ್ರೆಂಚು ಭಾಷೆಯ ವಾದವೂ ಲ್ಯಾಟಿನ್ ಭಾಷೆಯ ದಾಖಲೆಯೂ ರೂಢಿಯಾಗಿದ್ದುವು. ತಮ್ಮ ಪರವಾಗಿಯೂ ತಮಗೆ ವಿರೋಧವಾಗಿಯೂ ವಕೀಲರು ಏನು ಹೇಳುತ್ತಿರುವರೆಂಬುದು ಜನರಿಗೆ ತಿಳಿಯುತ್ತಿಲ್ಲವೆಂಬ ಕಾರಣವನ್ನೇ ಮುಂದಿಟ್ಟು, ಮೂರನೆಯ ಎಡ್ವರ್ಡನ ಕಾಲದಲ್ಲಿ, ೧೩೬೨ರಲ್ಲಿ, ವಾದವು ಇಂಗ್ಲಿಷಿನಲ್ಲಿಯೇ ನಡೆಯತಕ್ಕದ್ದೆಂದು ಅವರ ಪಾರ್ಲಿಮೆಂಟು ಶಾಸನ ಮಾಡಿತು. ಉಳಿದ ಬರವಣಿಗೆಯು ಲ್ಯಾಟಿನಿನಿಂದ ಇಂಗ್ಲಿಷಿಗೆ ಶಾಶ್ವತವಾಗಿ ತಿರುಗಿದುದು ೧೭೩೩ರಲ್ಲಿ. ಆಗಲೂ ಹಳೆಯ ಭಾಷೆಯ ಖಚಿತತೆಯು ಹೋಯಿತೆಂದು ನಿಡುಸುಯ್ದ ಪಂಡಿತರಿಗೆ ಕೊರತೆಯಿರಲಿಲ್ಲ. ಇಂದು ಇಂಗ್ಲಿಷಿನ ಖಚಿತತೆಯನ್ನು ಹೊಗಳುವ ನಮ್ಮ ಮಿತ್ರರು, ಆ ಖಚಿತತೆಯು ಬಳಕೆಯಿಂದ ಬಂದದ್ದೆಂಬುದನ್ನೂ, ಬಳಸುವ ಮೊದಲು ಅದೂ ಒರಟೆನಿಸಿಕೊಂಡಿತ್ತೆಂಬುದನ್ನೂ ನೆನಪಿನಲ್ಲಿಡಬೇಕು.

ಕನ್ನಡಕ್ಕಂತೂ ಈ ಬಳಕೆಯು ಹೊಸತಲ್ಲ. ದಾವೆ, ವಕಾಲತ್ತು, ಜಪ್ತಿ, ಅಮಲ್ಜಾರಿ, ತಕರಾರು, ಖುಲಾಸೆ ಎಂಬ ಪರಭಾಷೆಯ ಪದಗಳನ್ನು ನಮ್ಮ ಜನರು ಅರಗಿಸಿಕೊಂಡು ಸ್ವಂತವಾಗಿಸಿಕೊಂಡಿರುವರು. ಚಕ್ಕುಬಂದಿ, ಒತ್ತುವರಿ, ಒಡಂಬಡಿಕೆ, ಭೋಗ್ಯ, ಕ್ರಯ, ಪಾಲು ಎಂಬ ಮಾತುಗಳಿಗೆ ನ್ಯಾಯಾಸ್ಥಾನದಲ್ಲಿ ಅರ್ಥ ಹೇಳಬೇಕಾದ ಅಗತ್ಯವಿಲ್ಲ. ಅನೇಕ ತಾಲ್ಲೂಕುಗಳ ನ್ಯಾಯಾಲಯಗಳಲ್ಲಿ ಕನ್ನಡದಲ್ಲಿಯೇ ವಾದಪತ್ರಗಳನ್ನು ಬರೆಯುವ ವಕೀಲರಿದ್ದಾರೆ. ಕನ್ನಡದಲ್ಲಿ ತೀರ್ಪುಗಳನ್ನು ಬರೆದ ನ್ಯಾಯಾಧೀಶರೂ ಇದ್ದಾರೆ. ಅವರಿಗೆ ನಾಡು ಋಣಿಯಾಗಿದೆ. ಅವರಿಗೆ ಸಾಧ್ಯವಾದುದು ಇತರರಿಗೆ ಅಸಾಧ್ಯವೆಂದು ನಂಬಲು ಕಾರಣವಿಲ್ಲ.

ಅಪೀಲಿನ ಮಾತನ್ನು ಕೆಲವರು ಎತ್ತುವರು. ಸಂವಿಧಾನದ ೩೪೮ನೆಯ ಅನುಚ್ಛೇದದ ಪ್ರಕಾರ ಉಚ್ಚ ನ್ಯಾಯಾಲಯದ ಭಾಷೆಯು ಇಂಗ್ಲಿಷು; ರಾಷ್ಟ್ರಪತಿಗಳ ಪೂರ್ವಾನುಮತಿಯಿಂದ ರಾಜ್ಯಪಾಲರು ರಾಜ್ಯದ ಆಡಳಿತ ಭಾಷೆಗೆ ಅಲ್ಲಿ ಅವಕಾಶ ಕೊಡಬಹುದು. ರಾಜಸ್ಥಾನ, ಉತ್ತರ ಪ್ರದೇಶ, ಮಧ್ಯ ಪ್ರದೇಶ, ಬಿಹಾರಗಳಲ್ಲಿ ೧೯೫೦ರಿಂದ ೧೯೭೨ರೊಳಗಾಗಿ ಹಿಂದಿಗೆ ಈ ಅವಕಾಶವು ದೊರೆಯಿತು. ಕನ್ನಡ, ತಮಿಳು, ಬಂಗಾಳಿ, ಗುಜರಾತಿಗಳಿಗಾಗಿ ಬಂದ ಕೋರಿಕೆಗಳನ್ನಾದರೋ ೨೦೧೨ರಲ್ಲಿ ಸರ್ವೋಚ್ಚ ನ್ಯಾಯಾಲಯದ ಪೂರ್ಣ ಸಭೆಯು ಒಪ್ಪಲಿಲ್ಲ. ಒಂದು ಭಾಷೆಗೆ ತೆರೆದ ಬಾಗಿಲು ಇನ್ನೊಂದಕ್ಕೆ ಮುಚ್ಚಿರುವುದು ಸಮದೃಷ್ಟಿಯಲ್ಲವೆಂದು ಹೇಳಿ ಆ ವಿಷಯವನ್ನು ಇಲ್ಲಿಗೆ ಬಿಡುತ್ತೇವೆ. ದಾವೆಗಳಲ್ಲಿ ಎಲ್ಲವೂ ಉಚ್ಚ ನ್ಯಾಯಾಲಯದವರೆಗೆ ಹೋಗುವುದಿಲ್ಲ. ಹೋಗುವ ಕೆಲವಕ್ಕೆ ಆಗ ಭಾಷಾಂತರ ಮಾಡಿಸಬಹುದು. ಕನ್ನಡದ ಸಾಕ್ಷ್ಯವನ್ನೂ ದಸ್ತಾವೇಜುಗಳನ್ನೂ ಈಗಲೂ ಹಾಗೆ ಮಾಡಿಸಬೇಕಾಗಿಯೇ ಇದೆ. ಕೆಲವರ ಅಪೀಲಿನ ಅನುಕೂಲಕ್ಕಾಗಿ ಎಲ್ಲರ ಮೊದಲ ಹೇಳಿಕೆಯನ್ನು ಪರಭಾಷೆಗೆ ಒತ್ತೆಯಿಡುವುದು ವಿವೇಕವಲ್ಲ. ಸರ್ವೋಚ್ಚ ನ್ಯಾಯಾಲಯವು ೨೦೧೯ರಿಂದ ತನ್ನ ತೀರ್ಪುಗಳಲ್ಲಿ ಕೆಲವನ್ನು ಕನ್ನಡವೂ ಸೇರಿದಂತೆ ದೇಶಭಾಷೆಗಳಿಗೆ ಭಾಷಾಂತರಿಸುತ್ತಿರುವುದು ಸಂತೋಷದ ವಿಷಯ. ಆದರೆ ಕೊನೆಯ ತೀರ್ಪು ಕನ್ನಡದಲ್ಲಿ ದೊರೆತು ಮೊದಲ ಹೇಳಿಕೆಯು ಕನ್ನಡದಲ್ಲಿ ಇಲ್ಲದಿದ್ದರೆ, ತಾನು ಸೋತುದೇಕೆಂದು ಕಕ್ಷಿಗಾರನಿಗೆ ತಿಳಿದೀತು; ಸೋಲದಂತೆ ಏನು ಹೇಳಬೇಕಾಗಿತ್ತೆಂಬುದು ತಡವಾಗಿ ತಿಳಿದೀತು.

ಭಾಷೆಯನ್ನು ಬದಲಿಸಿದ ಮಾತ್ರಕ್ಕೆ ಎಲ್ಲವೂ ನೆಟ್ಟಗಾಗುವುದೆಂಬ ಭ್ರಮೆಯು ನಮಗಿಲ್ಲ. ಕನ್ನಡದಲ್ಲಿ ಬರೆದ ವಾದಪತ್ರಗಳಲ್ಲಿಯೂ ಪುಟದುದ್ದದ ವಾಕ್ಯಗಳು, ಇಂಗ್ಲಿಷಿನ ನಮೂನೆಯಿಂದ ಪದಕ್ಕೆ ಪದವಿಟ್ಟು ಇಳಿಸಿದ ಮಾತುಗಳು, ದಾವೆಯಿಂದ ದಾವೆಗೆ ನಕಲಾಗುತ್ತ ಬಂದ ಆಪಾದನೆಗಳು ಕಾಣುತ್ತವೆ. ಇಂಥ ಕನ್ನಡವು ಕಕ್ಷಿಗಾರನಿಗೆ ಇಂಗ್ಲಿಷಿನಷ್ಟೇ ದೂರವಾದುದು. ವಿಜ್ಞಾನೇಶ್ವರನು ಅನ್ಯಭಾಷೆಯೊಡನೆ ತೊಡಕಾದ ಸಮಾಸಗಳನ್ನೂ ದೋಷವೆಂದು ಎಣಿಸಿದುದು ಸುಮ್ಮನೆ ಅಲ್ಲ. ಸಂಹಿತೆಯ ಅನುಬಂಧದಲ್ಲಿ ಕೊಟ್ಟಿರುವ ಮಾದರಿಗಳನ್ನು ನೋಡಿದವರಿಗೆ ಅವುಗಳ ಕಿರಿದುತನವು ಬೆರಗುಗೊಳಿಸುತ್ತದೆ. ಕೊಟ್ಟ ಸಾಲದ ದಾವೆಗೆ ಇಂಥ ದಿನ ಇಷ್ಟು ಕೊಟ್ಟೆ, ಇಂಥ ದಿನ ಹಿಂದಿರುಗಿಸಬೇಕಾಗಿತ್ತು, ಇಷ್ಟರ ಹೊರತು ಹಿಂದಿರುಗಿಸಿಲ್ಲ ಎಂಬ ಕೆಲವೇ ಸಾಲುಗಳು ಅಲ್ಲಿ ಸಾಕಾಗಿವೆ. ನಮ್ಮ ಹಳ್ಳಿಯವರು ಜಗಲಿಯ ಮೇಲೆ ಕುಳಿತು ಹೇಳುವುದೂ ಹೀಗೆಯೇ. ಕಾನೂನು ಬಯಸುವ ಸರಳತೆಯೂ ಜನರ ನುಡಿಯ ಸರಳತೆಯೂ ಒಂದೇ ಆಗಿದ್ದು, ನಡುವಣ ರೂಢಿಯು ಮಾತ್ರ ಅವೆರಡನ್ನೂ ಅಗಲಿಸಿದೆ.

ಹಾಗಾದರೆ ಮಾಡಬೇಕಾದುದೇನು? ಮೊದಲನೆಯದಾಗಿ, ಇಂಗ್ಲಿಷು ಬಾರದ ಪಕ್ಷಗಾರನ ಸತ್ಯಾಪನೆಯು ಕನ್ನಡದಲ್ಲಿಯೇ ಇರತಕ್ಕದ್ದೆಂದೂ, ಬರವಣಿಗೆಯು ಇಂಗ್ಲಿಷಿನಲ್ಲಿದ್ದರೆ ಅದರ ಕನ್ನಡ ಪಾಠಕ್ಕೂ ಅವನು ರುಜು ಹಾಕಿರಬೇಕೆಂದೂ ವಿಧಿಸಬೇಕು. ಸಂಹಿತೆಯ ೧೨೨ನೆಯ ಪ್ರಕರಣವು ಮೊದಲ ಅನುಸೂಚಿಯ ನಿಯಮಗಳನ್ನು ತಿದ್ದುವ ಅಧಿಕಾರವನ್ನು ಉಚ್ಚ ನ್ಯಾಯಾಲಯಕ್ಕೆ ಕೊಟ್ಟಿದೆ. ಇಷ್ಟನ್ನು ಮಾಡಲು ದಿಲ್ಲಿಯವರೆಗೆ ಹೋಗಬೇಕಾಗಿಲ್ಲ. ಎರಡನೆಯದಾಗಿ, ಸಮನ್ಸಿನೊಡನೆ ಹೋಗುವ ವಾದಪತ್ರದ ನಕಲಿಗೆ ಕನ್ನಡದ ಪಾಠವು ಕೇಳದೆಯೇ ಜೊತೆಗೂಡಿ ಹೋಗಬೇಕು. ಅದರ ಖರ್ಚು ಇಂಗ್ಲಿಷಿನಲ್ಲಿ ಬರೆಯುವ ಸೌಕರ್ಯವನ್ನು ಬಯಸಿದವನ ಮೇಲೆ ಬೀಳಬೇಕು. ಮೂವತ್ತು ದಿನಗಳ ಗಡುವಿನಲ್ಲಿ ಹತ್ತು ದಿನಗಳು ಅದರಲ್ಲೇನಿದೆಯೆಂದು ತಿಳಿಯುವುದರಲ್ಲಿಯೇ ಕಳೆಯಕೂಡದು. ಸಿವಿಲ್ ಪ್ರಕ್ರಿಯೆಯು ಸಂವಿಧಾನದ ಸಮವರ್ತಿ ಪಟ್ಟಿಗೆ ಸೇರಿರುವುದರಿಂದ, ೧೩೭ನೆಯ ಪ್ರಕರಣವನ್ನೇ ತಿದ್ದಬೇಕಾದರೆ ರಾಷ್ಟ್ರಪತಿಗಳ ಒಪ್ಪಿಗೆಯನ್ನು ಪಡೆದು ನಮ್ಮ ಶಾಸನಸಭೆಯೇ ಹಾಗೆ ಮಾಡಬಹುದು. ಮೂರನೆಯದಾಗಿ, ಸಾಲ, ಪಾಲು, ಒತ್ತುವರಿ, ಬಾಡಿಗೆ, ಕರಾರು ಮುಂತಾದ ನಿತ್ಯದ ದಾವೆಗಳಿಗೆ ಅಚ್ಚ ಕನ್ನಡದ ಕಿರುಮಾದರಿಗಳನ್ನು ಅನುಭವಸ್ಥ ವಕೀಲರಿಂದ ಬರೆಯಿಸಿ ಪ್ರಕಟಿಸಬೇಕು. ಕಾನೂನು ಕಾಲೇಜುಗಳಲ್ಲಿ ಕನ್ನಡದ ಬರವಣಿಗೆಯನ್ನು ಪರೀಕ್ಷೆಯ ವಿಷಯವಾಗಿಸಬೇಕು.

ಕನ್ನಡವನ್ನು ಮನೆಮಾತಾಗಿ ಉಳ್ಳವರಿಗೆ ಮಾತ್ರ ಈ ನ್ಯಾಯವು ಸಲ್ಲಬೇಕೆಂದು ನಾವು ಹೇಳುತ್ತ ಇಲ್ಲ. ನಮ್ಮ ನಾಡಿನಲ್ಲಿರುವ ಉರ್ದು, ಮರಾಠಿ, ತುಳು, ಕೊಂಕಣಿ ನುಡಿಯ ಪಕ್ಷಗಾರನಿಗೂ ತನ್ನ ಹೇಳಿಕೆಯು ಅರ್ಥವಾಗಬೇಕು. ಕಾಸರಗೋಡಿನಲ್ಲಿಯೂ ಸೊಲ್ಲಾಪುರದಲ್ಲಿಯೂ ಇರುವ ಕನ್ನಡಿಗನಿಗೂ ಅಂತೆಯೇ ಆಗಬೇಕು. ತನ್ನ ಹೆಸರಿನಲ್ಲಿ ಹೇಳಿದುದು ತನಗೆ ತಿಳಿಯಬೇಕೆಂಬ ಹಕ್ಕು ಮನುಷ್ಯಮಾತ್ರನದು.

ವಕೀಲ ಬಂಧುಗಳಲ್ಲಿ ನಮ್ಮದೊಂದು ಬಿನ್ನಹ. ಈ ನಾಡಿನ ಸ್ವಾತಂತ್ರ್ಯದ ಚಳವಳಿಯಲ್ಲಿಯೂ ಏಕೀಕರಣದ ಚಳವಳಿಯಲ್ಲಿಯೂ ಅವರ ವರ್ಗವು ಮುಂದಾಳಾಗಿ ನಿಂತಿತ್ತು. ನಿಯಮವು ಬದಲಾಗುವವರೆಗೆ ಕಾಯಬೇಕಾದ ಅಗತ್ಯವು ಅವರಿಗಿಲ್ಲ. ನಾಳೆ ಕಚೇರಿಗೆ ಬರುವ ಕಕ್ಷಿಗಾರನ ವಾದಪತ್ರವನ್ನು ಅವನ ನುಡಿಯಲ್ಲಿಯೇ ಬರೆದು, ರುಜುವಿಗೆ ಮುಂಚೆ ಅವನಿಗೆ ಓದಿ ಹೇಳಿ, ‘ಇದರಲ್ಲಿ ಬಿಟ್ಟುಹೋದುದೇನಾದರೂ ಉಂಟೋ?’ ಎಂದು ಕೇಳಲು ಯಾವ ಸಂಹಿತೆಯೂ ಅಡ್ಡಿಯಾಗಿಲ್ಲ. ಸರಕಾರವೂ ಉಚ್ಚ ನ್ಯಾಯಾಲಯವೂ ತಮ್ಮ ಪಾಲಿನ ಕೆಲಸವನ್ನು ತಡಮಾಡದೆ ಕೈಗೊಳ್ಳಲಿ. ವಕೀಲರು ತಮ್ಮ ಪಾಲಿನದನ್ನು ನಾಳೆಯೇ ಆರಂಭಿಸಲಿ.